ಸಾಕ್ಷಿಗದ್ಯದ ಸ್ವರೂಪ: ಅನ್ನಾ ಪೊಲಿಟ್ಕೋವ್‌ಸ್ಕಯಾ ಅವರ ಬದುಕು ಮತ್ತು ಬರಹ

೧

ಮಹಾಭಾರತದ ಯುದ್ಧವೃತ್ತಾಂತವು ಧೃತರಾಷ್ಟ್ರನಿಗೆ ದೊರೆಯುವುದು ಸಂಜಯನ ಬಾಯಿಂದ. ವ್ಯಾಸರು ಅನುಗ್ರಹಿಸಿದ ದಿವ್ಯದೃಷ್ಟಿಯಿಂದ ಆತ ರಣರಂಗವನ್ನು ಕಾಣುತ್ತಾನೆ. ಕಂಡುದನ್ನು ಕುರುಡ ಅರಸನಿಗೆ ನಿವೇದಿಸುತ್ತಾನೆ. ಆದರೆ ಸಂಜಯ ಬರಿಯ ದೂರದ ವೀಕ್ಷಕನಲ್ಲ. ಶಲ್ಯಪರ್ವದಲ್ಲಿ ಅವನು ಸಾತ್ಯಕಿಯ ಕೈಗೆ ಸೆರೆಸಿಕ್ಕು, ಇನ್ನೇನು ಕೊಲೆಯಾಗಬೇಕೆನ್ನುವಾಗ ವ್ಯಾಸರ ಮಾತಿನಿಂದ ಬದುಕಿ ಉಳಿಯುತ್ತಾನೆ. ರನ್ನನ ‘ಗದಾಯುದ್ಧ’ದಲ್ಲಿ ಅವನು ದುರ್ಯೋಧನನ ಜೊತೆಗೂಡಿ ಹೆಣಗಳ ನಡುವೆ ನಡೆಯುತ್ತಾನೆ. ಯುದ್ಧವನ್ನು ಹೇಳುವವನು ಎಲ್ಲಿ ನಿಂತು ಹೇಳುತ್ತಾನೆ, ಯಾರಿಗೆ ಹೇಳುತ್ತಾನೆ, ಹೇಳಿದ್ದಕ್ಕಾಗಿ ಅವನಿಗೆ ಒದಗುವ ರಕ್ಷಣೆ ಯಾವುದು ಎಂಬ ಮೂರು ಪ್ರಶ್ನೆಗಳು ಈ ಪಾತ್ರದಲ್ಲಿಯೇ ಅಡಕವಾಗಿವೆ. ಯುದ್ಧಕಥನವನ್ನು ಕುರಿತ ಯಾವ ಅಧ್ಯಯನವೂ ಈ ಪ್ರಶ್ನೆಗಳನ್ನು ಬದಿಗಿಟ್ಟು ಮುಂದುವರಿಯಲಾರದು.

ಆಧುನಿಕ ಕಾಲದಲ್ಲಿ ಸಂಜಯನ ಸ್ಥಾನವನ್ನು ತುಂಬಿದವರು ಯುದ್ಧವರದಿಗಾರರು. ಅವರಲ್ಲಿಯೂ ಯುದ್ಧದ ಗೆಲುವು ಸೋಲುಗಳನ್ನು ವರದಿ ಮಾಡುವವರು ಬೇರೆ, ಯುದ್ಧಾಪರಾಧಗಳನ್ನು ಶೋಧಿಸಿ ಬಯಲಿಗೆ ತರುವವರು ಬೇರೆ. ಮೊದಲನೆಯವರಿಗೆ ಸೇನೆಯ ವಾಹನದಲ್ಲಿ ಸ್ಥಳವಿರುತ್ತದೆ, ಎರಡನೆಯವರಿಗೆ ಇರುವುದಿಲ್ಲ. ಈ ಎರಡನೆಯ ವರ್ಗಕ್ಕೆ ಸೇರಿದ ರಷ್ಯಾದ ಪತ್ರಕರ್ತೆ ಅನ್ನಾ ಪೊಲಿಟ್ಕೋವ್‌ಸ್ಕಯಾ (೧೯೫೮–೨೦೦೬) ಅವರ ಬದುಕನ್ನೂ, ಚೆಚೆನ್ಯಾ ಯುದ್ಧವನ್ನು ಕುರಿತ ಅವರ ಬರಹಗಳ ಸ್ವರೂಪವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪತ್ರಿಕಾಬರಹವನ್ನು ‘ಅವಸರದ ಸಾಹಿತ್ಯ’ವೆಂದು ಬದಿಗೆ ಸರಿಸುವ ರೂಢಿ ಸಾಹಿತ್ಯಾಧ್ಯಯನದಲ್ಲಿ ಇದೆ. ಆ ರೂಢಿಯನ್ನು ಮರುಪರಿಶೀಲಿಸಲು ಈ ಬರಹಗಳು ಒತ್ತಾಯಿಸುತ್ತವೆ.

೨

ಅನ್ನಾ ಹುಟ್ಟಿದ್ದು ೧೯೫೮ರ ಆಗಸ್ಟ್ ೩೦ರಂದು, ನ್ಯೂಯಾರ್ಕ್ ನಗರದಲ್ಲಿ. ಉಕ್ರೇನ್ ಮೂಲದ ತಂದೆತಾಯಿ ವಿಶ್ವಸಂಸ್ಥೆಯಲ್ಲಿ ಸೋವಿಯತ್ ಒಕ್ಕೂಟದ ರಾಜತಾಂತ್ರಿಕ ಸೇವೆಯಲ್ಲಿದ್ದರು. ಬೆಳೆದದ್ದು, ಓದಿದ್ದು ಮಾಸ್ಕೋದಲ್ಲಿ. ಮಾಸ್ಕೋ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದಿಂದ ೧೯೮೦ರಲ್ಲಿ ಪದವಿ ಪಡೆದ ಅವರು ಪದವಿಗಾಗಿ ಬರೆದ ಪ್ರಬಂಧದ ವಿಷಯ ಕವಯಿತ್ರಿ ಮರೀನಾ ತ್ಸ್ವೆತಾಯೆವಾ ಅವರ ಕಾವ್ಯ. ಪ್ರಭುತ್ವದ ಅವಕೃಪೆಗೆ ಪಾತ್ರಳಾಗಿ, ದೇಶಭ್ರಷ್ಟಳಾಗಿ, ಕೊನೆಗೆ ೧೯೪೧ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಕವಯಿತ್ರಿಯೊಬ್ಬಳನ್ನು ಸೋವಿಯತ್ ಕಾಲದ ವಿದ್ಯಾರ್ಥಿನಿಯೊಬ್ಬಳು ಅಧ್ಯಯನಕ್ಕೆ ಆರಿಸಿಕೊಂಡದ್ದು ಗಮನಾರ್ಹ. ಮುಂದೆ ಯುದ್ಧಭೂಮಿಯಿಂದ ಬರೆದ ಲೇಖಕಿಗೆ ಸಾಹಿತ್ಯದ ತರಬೇತಿ ಇತ್ತು ಎಂಬುದನ್ನು ಅವರ ಗದ್ಯವನ್ನು ಓದುವಾಗ ಮರೆಯುವಂತಿಲ್ಲ.

ಅವರ ವೃತ್ತಿಜೀವನದ ಮೊದಲ ಭಾಗ ಸಾಧಾರಣವಾದುದು. ‘ಇಜ್ವೆಸ್ತಿಯಾ’ ಪತ್ರಿಕೆಯಲ್ಲಿಯೂ ವಿಮಾನಯಾನ ಕ್ಷೇತ್ರದ ಪತ್ರಿಕೆಯಲ್ಲಿಯೂ ಕೆಲಸ ಮಾಡಿದ ಅವರು ೧೯೯೪ರ ವೇಳೆಗೆ ‘ಒಬ್‌ಶ್ಚಾಯಾ ಗಜೆತಾ’ ಎಂಬ ವಾರಪತ್ರಿಕೆಯನ್ನು ಸೇರಿದರು. ನಿರಾಶ್ರಿತರು, ವೃದ್ಧರು, ಅನಾಥಾಲಯಗಳು ಇವರ ವರದಿಗಳ ವಸ್ತುವಾಗಿದ್ದವು. ೧೯೯೯ರ ಜೂನ್‌ನಲ್ಲಿ ‘ನೋವಯಾ ಗಜೆತಾ’ ಪತ್ರಿಕೆಗೆ ಬಂದರು. ಅದೇ ವರ್ಷದ ಶರತ್ಕಾಲದಲ್ಲಿ ಎರಡನೆಯ ಚೆಚೆನ್ಯಾ ಯುದ್ಧ ಆರಂಭವಾಯಿತು. ಅಲ್ಲಿಂದ ಸಾಯುವ ದಿನದವರೆಗೆ ಏಳು ವರ್ಷಗಳ ಕಾಲ ಈ ಒಂದು ವಸ್ತುವೇ ಅವರ ಬದುಕನ್ನು ಆವರಿಸಿಕೊಂಡಿತು.

ಅವರು ಯುದ್ಧತಜ್ಞರಾಗಿ ಚೆಚೆನ್ಯಾಕ್ಕೆ ಹೋದವರಲ್ಲ. ಸೇನಾವ್ಯೂಹ, ಶಸ್ತ್ರಾಸ್ತ್ರ, ತಂತ್ರಗಾರಿಕೆಗಳ ಬಗೆಗೆ ಅವರಿಗೆ ಆಸಕ್ತಿ ಕಡಿಮೆ. ನಿರಾಶ್ರಿತರನ್ನು ಕಂಡಿದ್ದವರು ನಿರಾಶ್ರಿತರನ್ನು ಹುಟ್ಟಿಸುವ ಕಾರಣವನ್ನು ಹುಡುಕಿಕೊಂಡು ಹೋದರು ಎನ್ನುವುದೇ ಸರಿ. ಬಾಂಬುಗಳಿಗೆ ಸಿಕ್ಕಿದ್ದ ಗ್ರೋಜ್ನಿ ನಗರದ ವೃದ್ಧಾಶ್ರಮವೊಂದರ ನಿವಾಸಿಗಳನ್ನು ಹೊರತರುವ ಕಾರ್ಯದಲ್ಲಿ ೧೯೯೯ರಲ್ಲಿ ಅವರೇ ಮುಂದೆ ನಿಂತರು. ಬರೆಯುವವರು ನೋಡುತ್ತ ನಿಲ್ಲಬೇಕೆ, ಕೈಚಾಚಬೇಕೆ ಎಂಬ ಪ್ರಶ್ನೆ ಹೀಗೆ ಆರಂಭದಲ್ಲಿಯೇ ಅವರ ಬದುಕನ್ನು ಪ್ರವೇಶಿಸಿತು.

೩

ಚೆಚೆನ್ಯಾವು ರಷ್ಯನ್ ಸಾಹಿತ್ಯಕ್ಕೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕಾಕಸಸ್ ದಂಡಯಾತ್ರೆಗಳು ಪುಷ್ಕಿನ್, ಲೆರ್ಮೊಂತೊವ್ ಅವರ ಕೃತಿಗಳಿಗೆ ವಸ್ತುವನ್ನೊದಗಿಸಿವೆ. ಯುವಕನಾಗಿ ಕಾಕಸಸ್‌ನಲ್ಲಿ ಸೈನಿಕಸೇವೆ ಮಾಡಿದ್ದ ಟಾಲ್‌ಸ್ಟಾಯ್ ತನ್ನ ಕೊನೆಗಾಲದಲ್ಲಿ ಬರೆದು ಮರಣಾನಂತರ ಪ್ರಕಟವಾದ ‘ಹಾಜಿ ಮುರಾದ್’ ಕೃತಿಯಲ್ಲಿ, ರಷ್ಯನ್ ಸೈನ್ಯ ಹಾಳುಗೆಡವಿದ ಚೆಚೆನ್ ಹಳ್ಳಿಯನ್ನು ಆ ಹಳ್ಳಿಯವರ ಕಣ್ಣಿನಿಂದಲೇ ತೋರಿಸುತ್ತಾನೆ. ೧೯೪೪ರ ಫೆಬ್ರವರಿಯಲ್ಲಿ ಸ್ಟಾಲಿನ್ ಆಡಳಿತ ಇಡೀ ಚೆಚೆನ್ ಜನಾಂಗವನ್ನು ಮಧ್ಯ ಏಷ್ಯಾಕ್ಕೆ ಗಡೀಪಾರು ಮಾಡಿತು. ಸೋವಿಯತ್ ಒಕ್ಕೂಟ ಕುಸಿದ ಮೇಲೆ ೧೯೯೪ರಿಂದ ೧೯೯೬ರವರೆಗೆ ಮೊದಲ ಯುದ್ಧ, ೧೯೯೯ರಿಂದ ಎರಡನೆಯ ಯುದ್ಧ ನಡೆದವು.

ಇಲ್ಲಿ ಭಾಷೆಯ ಅಧ್ಯಯನಕಾರರು ಗಮನಿಸಬೇಕಾದ ಸಂಗತಿಯೊಂದಿದೆ. ಈ ಎರಡು ಯುದ್ಧಗಳನ್ನು ರಷ್ಯಾದ ಪ್ರಭುತ್ವ ಯುದ್ಧವೆಂದು ಕರೆಯಲಿಲ್ಲ. ಮೊದಲನೆಯದರ ಅಧಿಕೃತ ಹೆಸರು ‘ಸಂವಿಧಾನಬದ್ಧ ವ್ಯವಸ್ಥೆಯ ಮರುಸ್ಥಾಪನೆ’. ಎರಡನೆಯದು ‘ಭಯೋತ್ಪಾದನಾ ವಿರೋಧಿ ಕಾರ್ಯಾಚರಣೆ’. ಎರಡನೆಯದು ಮುಗಿಯಿತೆಂದು ಘೋಷಣೆಯಾದದ್ದು ೨೦೦೯ರ ಏಪ್ರಿಲ್‌ನಲ್ಲಿ. ೧೯೪೯ರ ನಾಲ್ಕು ಜಿನೀವಾ ಒಪ್ಪಂದಗಳಿಗೂ ಸಮಾನವಾದ ಮೂರನೆಯ ವಿಧಿಯು ದೇಶದೊಳಗಿನ ಸಶಸ್ತ್ರ ಸಂಘರ್ಷಕ್ಕೂ ಅನ್ವಯಿಸುತ್ತದೆ. ಆಯುಧ ಹಿಡಿಯದವರ ಕೊಲೆ, ಚಿತ್ರಹಿಂಸೆ, ಒತ್ತೆಯಿಡುವಿಕೆಗಳನ್ನು ನಿಷೇಧಿಸುತ್ತದೆ. ಯುದ್ಧವೆಂಬ ಪದವೇ ಇಲ್ಲವಾದರೆ ಯುದ್ಧಾಪರಾಧವೆಂಬ ಪದಕ್ಕೆ ನೆಲೆಯೆಲ್ಲಿ? ಹೆಸರಿಸುವ ಅಧಿಕಾರವು ಶಿಕ್ಷೆಯಿಂದ ತಪ್ಪಿಸಿಕೊಳ್ಳುವ ಮಾರ್ಗವೂ ಆಗುವುದು ಹೀಗೆ.

ಇಂತಹುದೇ ಇನ್ನೊಂದು ಪದ ‘ಜಚಿಸ್ತ್ಕಾ’. ರಷ್ಯನ್ ಭಾಷೆಯಲ್ಲಿ ಇದರ ಮೂಲಾರ್ಥ ಶುಚಿಗೊಳಿಸುವುದು, ಗುಡಿಸಿ ತೆಗೆಯುವುದು. ಸೈನ್ಯದ ಬಳಕೆಯಲ್ಲಿ ಇದು ಹಳ್ಳಿಯೊಂದನ್ನು ಸುತ್ತುವರಿದು ಮನೆಮನೆಯನ್ನೂ ಶೋಧಿಸಿ ಗಂಡಸರನ್ನು ಎಳೆದೊಯ್ಯುವ ಕಾರ್ಯಾಚರಣೆಯ ಹೆಸರು. ಹಾಗೆ ಹೋದವರಲ್ಲಿ ಅನೇಕರು ಮರಳಲಿಲ್ಲ. ಬಂಧಿತರನ್ನು ವಿಚಾರಿಸುವ ಶಿಬಿರಗಳಿಗೆ ‘ಸೋಸುವಿಕೆ’ಯ ಶಿಬಿರಗಳೆಂಬ ಹೆಸರಿತ್ತು. ಗುಡಿಸುವುದು, ಸೋಸುವುದು ಇವು ಮನೆವಾರ್ತೆಯ ಪದಗಳು. ಅನ್ನಾ ಅವರ ವರದಿಗಳು ಮಾಡಿದ ಮೊದಲ ಕೆಲಸ ಈ ಪದಗಳನ್ನು ಬಿಚ್ಚಿ, ಅವುಗಳ ಒಳಗೆ ಏನಿದೆಯೆಂದು ತೋರಿಸಿದ್ದು. ಯಾವ ಹಳ್ಳಿ, ಯಾವ ದಿನ, ಎಷ್ಟು ಜನ, ಯಾರ ಮನೆ ಎಂಬ ವಿವರಗಳು ಎದುರು ನಿಂತಾಗ ಇಂತಹ ಪದಗಳ ಸೌಮ್ಯತೆ ಉಳಿಯುವುದಿಲ್ಲ.

೪

ಅವರ ಶೋಧನೆಯ ಕ್ರಮವನ್ನು ಮೂರು ಪ್ರಸಂಗಗಳ ಮೂಲಕ ಪರಿಶೀಲಿಸಬಹುದು.

ಮೊದಲನೆಯದು ಖತೂನಿಯ ಪ್ರಸಂಗ. ದಕ್ಷಿಣ ಚೆಚೆನ್ಯಾದ ವೆದೆನೊ ಜಿಲ್ಲೆಯ ಕೆಲವು ಹಳ್ಳಿಗಳ ಜನ ತಮ್ಮ ಮೇಲೆ ನಡೆಯುತ್ತಿದ್ದ ಹಿಂಸೆಯನ್ನು ವಿವರಿಸಿ ಪತ್ರಿಕೆಗೆ ಸಾಮೂಹಿಕ ಪತ್ರವೊಂದನ್ನು ಬರೆದರು. ೨೦೦೧ರ ಫೆಬ್ರವರಿಯಲ್ಲಿ ಅನ್ನಾ ಅಲ್ಲಿಗೆ ಹೋಗಿ ಬಂಧಿತರಾಗಿದ್ದವರನ್ನು ಮಾತನಾಡಿಸಿದರು. ಸೇನೆಯ ನೆಲೆಯೊಂದರಲ್ಲಿ ನೆಲಕ್ಕೆ ತೋಡಿದ ಗುಂಡಿಗಳಲ್ಲಿ ಜನರನ್ನು ಇಟ್ಟು, ಬಿಡುಗಡೆಗೆ ಹಣ ಕೇಳಲಾಗುತ್ತಿತ್ತು ಎಂಬುದು ಹಳ್ಳಿಯವರ ಹೇಳಿಕೆ. ಅನ್ನಾ ಆ ನೆಲೆಗೆ ಹೋಗಿ ಗುಂಡಿಗಳನ್ನು ಕಂಡರು. ಹಿಂದಿರುಗುವಾಗ ಅವರನ್ನು ಬಂಧಿಸಲಾಯಿತು. ಸೆರೆಯಲ್ಲಿ ಅಧಿಕಾರಿಗಳು ಅವರ ಮಕ್ಕಳ ಚಿತ್ರಗಳನ್ನು ತೋರಿಸಿ ಬೆದರಿಸಿದರು; ರಾತ್ರಿ ಹೊರಗೊಯ್ದು ಗುಂಡಿಕ್ಕುವೆವೆಂಬಂತೆ ನಟಿಸಿದರು. ಅವರನ್ನು ರಕ್ಷಿಸಲು ವ್ಯಾಸರಾರೂ ಬರಲಿಲ್ಲ. ಪತ್ರಿಕೆ ಮತ್ತು ಸಾರ್ವಜನಿಕರ ಒತ್ತಡವೇ ಬಿಡುಗಡೆಗೆ ನೆರವಾಯಿತು. ಈ ಅನುಭವವನ್ನು ಅವರು ಬರೆದ ರೀತಿ ಮುಖ್ಯವಾದುದು. ತಮಗಾದ ಅವಮಾನವನ್ನು ಅವರು ಸ್ವತಂತ್ರ ಕಥೆಯಾಗಿ ಬೆಳೆಸುವುದಿಲ್ಲ. ಹಳ್ಳಿಯವರ ಮಾತು ನಿಜವೆಂಬುದಕ್ಕೆ ಅದನ್ನೊಂದು ಪುರಾವೆಯಾಗಿ ಬಳಸುತ್ತಾರೆ. ಪತ್ರಕರ್ತೆಗೇ ಹೀಗಾದರೆ ಗುರುತಿನ ಚೀಟಿಯೂ ಇಲ್ಲದ ರೈತನಿಗೆ ಏನಾಗಿರಬಹುದು ಎಂಬ ತರ್ಕ ಅಲ್ಲಿದೆ.

ಎರಡನೆಯದು ಕರ್ನಲ್ ಯೂರಿ ಬುದಾನೊವ್ ಪ್ರಕರಣ. ೨೦೦೦ದ ಮಾರ್ಚ್‌ನಲ್ಲಿ ಟ್ಯಾಂಕ್ ರೆಜಿಮೆಂಟಿನ ಮುಖ್ಯಸ್ಥನಾಗಿದ್ದ ಈತ ತಂಗಿ-ಚು ಎಂಬ ಹಳ್ಳಿಯ ಹದಿನೆಂಟು ವರ್ಷದ ಹುಡುಗಿಯನ್ನು ಮನೆಯಿಂದ ಎಳೆದೊಯ್ದು ಕೊಂದನು. ೨೦೦೨ರ ಕೊನೆಯಲ್ಲಿ ನ್ಯಾಯಾಲಯ, ಕೃತ್ಯದ ವೇಳೆ ಆತನಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲವೆಂಬ ಮನೋವೈದ್ಯರ ವರದಿಯನ್ನು ಒಪ್ಪಿಕೊಂಡಿತು. ಆ ತೀರ್ಪು ರದ್ದಾಗಿ ೨೦೦೩ರ ಜುಲೈನಲ್ಲಿ ಹತ್ತು ವರ್ಷಗಳ ಶಿಕ್ಷೆ ವಿಧಿಸಲಾಯಿತು. ಅನ್ನಾ ಈ ಪ್ರಕರಣದಲ್ಲಿ ಕೊಲೆಗಾರನ ಕ್ರೌರ್ಯಕ್ಕಿಂತ ಹೆಚ್ಚಾಗಿ ವೈದ್ಯಕೀಯ ವರದಿಗಳ ಭಾಷೆಯನ್ನು ಪರಿಶೀಲಿಸಿದರು. ಸೋವಿಯತ್ ಕಾಲದಲ್ಲಿ ಭಿನ್ನಮತೀಯರನ್ನು ಹುಚ್ಚರೆಂದು ಪ್ರಮಾಣೀಕರಿಸುತ್ತಿದ್ದ ಮನೋವೈದ್ಯಶಾಸ್ತ್ರವೇ ಈಗ ಅಪರಾಧಿಯನ್ನು ಉಳಿಸಲು ಬಳಕೆಯಾದುದನ್ನು ದಾಖಲೆಗಳ ಮೂಲಕ ತೋರಿಸಿದರು. ಕಡತವನ್ನು ಪಠ್ಯವೆಂದು ಓದುವ ಸಾಹಿತ್ಯವಿದ್ಯಾರ್ಥಿಯ ಶಿಸ್ತು ಇಲ್ಲಿ ಕಾಣುತ್ತದೆ.

ಮೂರನೆಯದು ‘ಕೆಡೆಟ್’ ಪ್ರಕರಣ. ೨೦೦೧ರ ಜನವರಿಯಲ್ಲಿ ಗ್ರೋಜ್ನಿಯ ಯುವ ವಿದ್ಯಾರ್ಥಿಯೊಬ್ಬನನ್ನು ಪೊಲೀಸರು ಹಿಡಿದೊಯ್ದರು. ಅವನು ಮತ್ತೆ ಕಾಣಲಿಲ್ಲ; ದೇಹವೂ ಸಿಕ್ಕಲಿಲ್ಲ. ಮಗನಿಗಾಗಿ ತಂದೆ ನಡೆಸಿದ ಹುಡುಕಾಟವನ್ನು ಅನುಸರಿಸಿ ಅನ್ನಾ ಅದೇ ವರ್ಷ ಲೇಖನ ಬರೆದು, ಚಿತ್ರಹಿಂಸೆ ನೀಡಿದ ವಿಶೇಷ ಪೊಲೀಸ್ ದಳದವನನ್ನು ಗುರುತಿಸಿದರು. ‘ಕೆಡೆಟ್’ ಎಂಬ ಅಡ್ಡಹೆಸರಿನಿಂದ ಕೊಲೆಬೆದರಿಕೆಯ ಪತ್ರಗಳು ಬಂದವು. ಅವರು ಕೆಲಕಾಲ ವಿಯೆನ್ನಾದಲ್ಲಿ ಇರಬೇಕಾಯಿತು. ಮರಳಿ ಬಂದು ಪ್ರಕರಣವನ್ನು ಬಿಡದೆ ಹಿಂಬಾಲಿಸಿದರು. ೨೦೦೫ರ ಮಾರ್ಚ್‌ನಲ್ಲಿ ಗ್ರೋಜ್ನಿಯ ನ್ಯಾಯಾಲಯ ಸೆರ್ಗೆಯ್ ಲಾಪಿನ್ ಎಂಬ ಆ ಅಧಿಕಾರಿಗೆ ಹನ್ನೊಂದು ವರ್ಷಗಳ ಶಿಕ್ಷೆ ವಿಧಿಸಿತು. ಕಾಣೆಯಾದ ಅಸಂಖ್ಯ ಜನರ ನಡುವೆ ಇದು ಒಂದೇ ಒಂದು ಪ್ರಕರಣ. ಆದರೆ ಬರೆಹವೊಂದು ನ್ಯಾಯಾಲಯದ ಬಾಗಿಲವರೆಗೂ ನಡೆದುಹೋದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

ಈ ಮೂರು ಪ್ರಸಂಗಗಳಿಂದ ಸಾಕ್ಷಿಗದ್ಯದ ಕೆಲವು ಲಕ್ಷಣಗಳನ್ನು ಗುರುತಿಸಬಹುದು. ಒಂದು, ಅದು ಸಮೂಹದ ಸಂಕಟವನ್ನು ಸಂಖ್ಯೆಯಲ್ಲಿ ಹೇಳದೆ ಒಂದೊಂದೇ ವ್ಯಕ್ತಿಯ ಮೂಲಕ ಹೇಳುತ್ತದೆ. ಎರಡು, ನೊಂದವರ ಹೇಳಿಕೆಯನ್ನು ದಾಖಲೆಯೊಡನೆ ಎದುರುಬದುರಾಗಿ ಇಡುತ್ತದೆ. ಮೂರು, ಅಪರಾಧಿಯನ್ನು ‘ಸೈನ್ಯ’ವೆಂಬ ಸಮೂಹವಾಚಕದಲ್ಲಿ ಕರಗಿಸದೆ ಹುದ್ದೆ ಮತ್ತು ಹೆಸರಿನಿಂದ ಕರೆಯುತ್ತದೆ. ನಾಲ್ಕು, ಬರೆಯುವವಳ ‘ನಾನು’ ಅಲ್ಲಿ ಇರುತ್ತದೆ. ಆದರೆ ಅದು ಆತ್ಮಕಥನದ ‘ನಾನು’ ಅಲ್ಲ, ಸಾಕ್ಷಿಕಟ್ಟೆಯಲ್ಲಿ ನಿಂತು ಕಂಡದ್ದಕ್ಕೆ ಹೊಣೆಹೊರುವ ‘ನಾನು’. ಈ ಗದ್ಯದ ಸಾಹಿತ್ಯಕ ಮೌಲ್ಯವನ್ನು ಗುರುತಿಸಿದವರೂ ಇದ್ದಾರೆ. ವರದಿಗಾರಿಕೆಯ ಕಲೆಗಾಗಿ ಸ್ಥಾಪಿತವಾದ ಲೆತ್ರ್ ಯುಲಿಸೀಸ್ ಪ್ರಶಸ್ತಿ ೨೦೦೩ರಲ್ಲಿ ಮೊದಲ ಬಾರಿಗೆ ನೀಡಲ್ಪಟ್ಟಾಗ ಅದನ್ನು ಪಡೆದವರು ಇವರೇ.

೫

ಅನ್ನಾ ಅವರ ಬರಹಗಳ ಬಗೆಗೆ ಆಕ್ಷೇಪಗಳಿಲ್ಲದೆ ಇಲ್ಲ. ಮುಖ್ಯವಾದ ಆಕ್ಷೇಪ, ಅವರು ವರದಿಗಾರ್ತಿಯ ತಟಸ್ಥತೆಯನ್ನು ಮೀರಿ ಹೋರಾಟಗಾರ್ತಿಯಾದರು ಎಂಬುದು. ೨೦೦೨ರ ಅಕ್ಟೋಬರ್‌ನಲ್ಲಿ ಮಾಸ್ಕೋದ ದುಬ್ರೊವ್ಕಾ ರಂಗಮಂದಿರವನ್ನು ಚೆಚೆನ್ ಶಸ್ತ್ರಧಾರಿಗಳು ವಶಪಡಿಸಿಕೊಂಡು ನೂರಾರು ಪ್ರೇಕ್ಷಕರನ್ನು ಒತ್ತೆಯಿಟ್ಟಾಗ, ಅಮೆರಿಕದಲ್ಲಿದ್ದ ಅನ್ನಾ ಮರಳಿ ಬಂದು ಒಳಗೆ ಹೋಗಿ ಮಾತುಕತೆ ನಡೆಸಿದರು. ಒತ್ತೆಯಾಳುಗಳಿಗೆ ನೀರು ಮತ್ತು ಹಣ್ಣಿನ ರಸವನ್ನು ಸಾಗಿಸಲು ಅನುಮತಿ ಪಡೆದರು. ಭದ್ರತಾಪಡೆಗಳು ಪ್ರಯೋಗಿಸಿದ ಅನಿಲದಿಂದಾಗಿ ಸುಮಾರು ೧೩೦ ಒತ್ತೆಯಾಳುಗಳು ಸತ್ತರು. ೨೦೦೪ರ ಸೆಪ್ಟೆಂಬರ್‌ನಲ್ಲಿ ಬೆಸ್ಲಾನ್ ಶಾಲೆಯಲ್ಲಿ ಮಕ್ಕಳು ಒತ್ತೆಯಾದಾಗಲೂ ಹೊರಟರು. ವಿಮಾನದಲ್ಲಿ ಚಹಾ ಕುಡಿದ ಮೇಲೆ ಪ್ರಜ್ಞೆ ತಪ್ಪಿ ರಾಸ್ತೊವ್ ನಗರದ ಆಸ್ಪತ್ರೆ ಸೇರಬೇಕಾಯಿತು. ವಿಷಪ್ರಾಶನವಾಯಿತೆಂದು ಅವರೂ ಪತ್ರಿಕೆಯೂ ನಂಬಿದ್ದರು.

ತಟಸ್ಥತೆಯ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅವರ ಗದ್ಯದಲ್ಲಿ ಕೋಪ ಪದೇ ಪದೇ ವಿವರಣೆಯನ್ನು ಅಡ್ಡಗಟ್ಟುತ್ತದೆ. ಓದುಗನ ಉದಾಸೀನತೆಯನ್ನು ನೇರವಾಗಿ ನಿಂದಿಸುವ ಸಂದರ್ಭಗಳಿವೆ. ರಾಜಕೀಯ ವಿಶ್ಲೇಷಣೆಯ ಭಾಗಗಳು ಹಳ್ಳಿಗಳ ವರದಿಗಳಷ್ಟು ಗಟ್ಟಿಯಾಗಿಲ್ಲ. ಆದರೆ ಪಕ್ಷಪಾತವೆಂಬ ಆರೋಪಕ್ಕೆ ಅವರ ಬರಹಗಳೇ ಉತ್ತರ ಕೊಡುತ್ತವೆ. ಚೆಚೆನ್ ಬಂಡುಕೋರರ ಕ್ರೌರ್ಯವನ್ನೂ, ಮಾಸ್ಕೋ ಬೆಂಬಲಿತ ಚೆಚೆನ್ ಆಡಳಿತದ ಪಡೆಗಳು ಸ್ವಜನರ ಮೇಲೆಯೇ ನಡೆಸಿದ ಹಿಂಸೆಯನ್ನೂ ಅವರು ಸಮಾನವಾಗಿ ದಾಖಲಿಸಿದರು. ೨೦೦೪ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ‘ಪುಟಿನ್‌ರ ರಷ್ಯಾ’ ಕೃತಿ ಆರಂಭವಾಗುವುದೇ ರಷ್ಯನ್ ಸೈನ್ಯ ಮತ್ತು ಸೈನಿಕರ ತಾಯಂದಿರನ್ನು ಕುರಿತ ಅಧ್ಯಾಯದಿಂದ. ಬಲವಂತದ ಸೇವೆಗೆ ಸೇರಿ, ಮೇಲಧಿಕಾರಿಗಳ ಹಿಂಸೆಗೂ ಅಲಕ್ಷ್ಯಕ್ಕೂ ಬಲಿಯಾದ ರಷ್ಯನ್ ಹುಡುಗರು ಅಲ್ಲಿದ್ದಾರೆ. ಮಗನ ಶವಕ್ಕಾಗಿ ಅಲೆಯುವ ರಷ್ಯನ್ ತಾಯಿಗೂ ಚೆಚೆನ್ ತಾಯಿಗೂ ಅವರ ಬರಹದಲ್ಲಿ ಭೇದವಿಲ್ಲ. ಮಹಾಭಾರತದ ಸ್ತ್ರೀಪರ್ವದಲ್ಲಿ ಗಾಂಧಾರಿ ತನ್ನ ಮಕ್ಕಳಿಗಾಗಿ ಮಾತ್ರವಲ್ಲದೆ ಎದುರುಪಕ್ಷದ ಅಭಿಮನ್ಯುವಿಗಾಗಿಯೂ ದುಃಖಿಸುವುದನ್ನು ಇಲ್ಲಿ ನೆನೆಯಬಹುದು. ಪಕ್ಷಾತೀತತೆಯೆಂದರೆ ಅಪರಾಧಿ ಮತ್ತು ಬಲಿಯಾದವರ ನಡುವೆ ಸಮದೂರ ಕಾಯುವುದಲ್ಲ. ಬಲಿಯಾದವರು ಯಾವ ಪಕ್ಷದವರಾದರೂ ಅವರನ್ನು ಕಾಣುವುದು ಎಂಬ ನಿಲುವು ಈ ಬರಹಗಳ ಹಿಂದಿದೆ.

೬

೨೦೦೬ರ ಅಕ್ಟೋಬರ್ ೭ರಂದು ಮಾಸ್ಕೋದ ಲೆಸ್ನಾಯಾ ಬೀದಿಯಲ್ಲಿರುವ ತಮ್ಮ ವಸತಿಕಟ್ಟಡದ ಲಿಫ್ಟಿನಲ್ಲಿ ಅನ್ನಾ ಗುಂಡೇಟಿಗೆ ಬಲಿಯಾದರು. ಅಂಗಡಿಯಿಂದ ಸಾಮಾನು ಕೊಂಡು ಮನೆಗೆ ಮರಳಿದ್ದರು. ಚೆಚೆನ್ಯಾದ ಭದ್ರತಾಪಡೆಗಳ ಚಿತ್ರಹಿಂಸೆಯನ್ನು ಕುರಿತು ಅವರು ಸಿದ್ಧಪಡಿಸುತ್ತಿದ್ದ ಅಪೂರ್ಣ ಲೇಖನವನ್ನು ‘ನೋವಯಾ ಗಜೆತಾ’ ಅದೇ ತಿಂಗಳ ೧೨ರಂದು ಪ್ರಕಟಿಸಿತು.

ನ್ಯಾಯದ ನಡೆ ನಿಧಾನವಾಗಿತ್ತು. ೨೦೦೯ರಲ್ಲಿ ಆರೋಪಿಗಳು ಖುಲಾಸೆಯಾದರು. ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ೨೦೧೨ರಲ್ಲಿ ಮಾಜಿ ಪೊಲೀಸ್ ಅಧಿಕಾರಿಯೊಬ್ಬನಿಗೆ, ೨೦೧೪ರಲ್ಲಿ ಮತ್ತೆ ಐವರಿಗೆ ಶಿಕ್ಷೆಯಾಯಿತು. ಇವರಲ್ಲಿ ಇಬ್ಬರಿಗೆ ಜೀವಾವಧಿ. ಕೊಲ್ಲಿಸಿದವರು ಯಾರೆಂಬುದನ್ನು ಪತ್ತೆಹಚ್ಚಲು ರಷ್ಯಾ ಸಮರ್ಪಕ ತನಿಖೆ ನಡೆಸಲಿಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ೨೦೧೮ರ ಜುಲೈನಲ್ಲಿ ತೀರ್ಪಿತ್ತಿತು. ಇಪ್ಪತ್ತು ವರ್ಷಗಳ ಶಿಕ್ಷೆ ಅನುಭವಿಸುತ್ತಿದ್ದ ಸೆರ್ಗೆಯ್ ಖಾಜಿಕುರ್ಬಾನೊವ್ ಉಕ್ರೇನ್ ಯುದ್ಧದಲ್ಲಿ ಸೈನಿಕನಾಗಿ ಹೋರಾಡಿದ್ದಕ್ಕಾಗಿ ಕ್ಷಮಾದಾನ ಪಡೆದ ಸಂಗತಿ ೨೦೨೩ರಲ್ಲಿ ಬೆಳಕಿಗೆ ಬಂದಿತು. ಒಂದು ಯುದ್ಧದ ಅಪರಾಧಗಳನ್ನು ಬಯಲಿಗೆ ತಂದವರ ಕೊಲೆಯಲ್ಲಿ ಭಾಗಿಯಾದವನನ್ನು ಇನ್ನೊಂದು ಯುದ್ಧ ಬಿಡುಗಡೆ ಮಾಡಿತು.

ಅವರ ಜೊತೆಗಾರರ ಪಾಡೂ ಭಿನ್ನವಲ್ಲ. ‘ಕೆಡೆಟ್’ ಪ್ರಕರಣದಲ್ಲಿ ನೊಂದ ಕುಟುಂಬದ ಪರ ವಾದಿಸಿದ ವಕೀಲ ಸ್ತನಿಸ್ಲಾವ್ ಮಾರ್ಕೆಲೊವ್ ೨೦೦೯ರ ಜನವರಿಯಲ್ಲಿ, ಅದೇ ಪತ್ರಿಕೆಯ ತರುಣಿ ಅನಸ್ತಾಸಿಯಾ ಬಾಬುರೊವಾ ಅವರೊಡನೆ ಮಾಸ್ಕೋದ ಬೀದಿಯಲ್ಲಿ ಕೊಲೆಯಾದರು. ಚೆಚೆನ್ಯಾದಲ್ಲಿ ಅನ್ನಾ ಅವರಿಗೆ ಒಡನಾಡಿಯಾಗಿದ್ದ ‘ಮೆಮೋರಿಯಲ್’ ಸಂಸ್ಥೆಯ ನತಾಲಿಯಾ ಎಸ್ತೆಮಿರೊವಾ ಅದೇ ವರ್ಷದ ಜುಲೈನಲ್ಲಿ ಅಪಹೃತರಾಗಿ ಕೊಲೆಗೀಡಾದರು. ‘ನೋವಯಾ ಗಜೆತಾ’ದ ಸಂಪಾದಕ ದ್ಮಿತ್ರಿ ಮುರಾತೊವ್ ಅವರಿಗೆ ೨೦೨೧ರ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಉಕ್ರೇನ್ ಯುದ್ಧದ ಮೊದಲ ತಿಂಗಳುಗಳಲ್ಲಿಯೇ, ೨೦೨೨ರ ಮಾರ್ಚ್‌ನಲ್ಲಿ, ಪತ್ರಿಕೆ ತನ್ನ ಪ್ರಕಟಣೆಯನ್ನು ನಿಲ್ಲಿಸಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಅದರ ಪರವಾನಗಿ ರದ್ದಾಯಿತು. ಈ ಯುದ್ಧವನ್ನೂ ಯುದ್ಧವೆನ್ನದೆ ‘ವಿಶೇಷ ಸೈನಿಕ ಕಾರ್ಯಾಚರಣೆ’ ಎಂದೇ ಹೆಸರಿಸಲಾಯಿತು ಎಂಬುದನ್ನು ಹಿಂದಿನ ಚರ್ಚೆಯೊಡನೆ ಸೇರಿಸಿ ನೋಡಬೇಕು.

೭

ಈ ಬದುಕಿನ ಕಥನಕ್ಕೆ ಕನ್ನಡದೊಡನೆ ಒಂದು ನಿಜವಾದ ಕೊಂಡಿಯಿದೆ. ಯುದ್ಧ ಮತ್ತು ಸಂಘರ್ಷಗಳ ನಡುವೆ ದನಿಯೆತ್ತುವ ಮಹಿಳೆಯರಿಗೆ ಅನ್ನಾ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಲಂಡನ್ನಿನ ಸಂಸ್ಥೆಯೊಂದು ೨೦೦೭ರಲ್ಲಿ ಆರಂಭಿಸಿತು. ಮೊದಲು ಅದನ್ನು ಪಡೆದವರು ನತಾಲಿಯಾ ಎಸ್ತೆಮಿರೊವಾ. ೨೦೧೭ರಲ್ಲಿ ಅದು ಪಾಕಿಸ್ತಾನದ ಗುಲಾಲೈ ಇಸ್ಮಾಯಿಲ್ ಅವರಿಗೂ, ಅದೇ ಸೆಪ್ಟೆಂಬರ್ ೫ರಂದು ಬೆಂಗಳೂರಿನ ತಮ್ಮ ಮನೆಯೆದುರು ಗುಂಡಿಗೆ ಬಲಿಯಾದ ಗೌರಿ ಲಂಕೇಶ್ ಅವರಿಗೂ ಸಂದಿತು. ಗೌರಿಯವರು ಯುದ್ಧವರದಿಗಾರ್ತಿಯಲ್ಲ, ಎರಡು ಬದುಕುಗಳ ಸಂದರ್ಭಗಳು ಬೇರೆ, ಬರಹದ ಬಗೆಗಳೂ ಬೇರೆ. ಅವುಗಳನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವುದು ಸರಿಯಲ್ಲ. ಆದರೂ ಮನೆಯ ಹೊಸ್ತಿಲಲ್ಲಿ ಬಂದು ಮುಟ್ಟಿದ ಸಾವು ಎರಡಕ್ಕೂ ಸಮಾನ.

ಕನ್ನಡದಲ್ಲಿ ಸಾಹಿತಿಯೇ ಪತ್ರಕರ್ತನಾದ ಪರಂಪರೆ ಬಲವಾಗಿದೆ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಪಿ. ಲಂಕೇಶ್ ೧೯೮೦ರಲ್ಲಿ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಕತೆ, ಕವಿತೆ, ವರದಿಗಳನ್ನು ಒಂದೇ ಪುಟಗಳಲ್ಲಿ ಇರಿಸಿ ಅವುಗಳ ನಡುವಣ ಮೇಲು ಕೀಳನ್ನು ಅಳಿಸಿತು. ಆದರೆ ನಮ್ಮ ಸಾಹಿತ್ಯ ಚರಿತ್ರೆಗಳು ಕತೆ, ಕವಿತೆಗಳಿಗೆ ಕೊಟ್ಟ ಅವಧಾನವನ್ನು ವರದಿಗೆ ಕೊಟ್ಟಿಲ್ಲ. ಪ್ರಬಂಧ, ಪ್ರವಾಸಕಥನ, ಆತ್ಮಕಥನಗಳಿಗೆ ಪಠ್ಯಕ್ರಮದಲ್ಲಿ ಸ್ಥಾನವಿದೆ. ಶೋಧನಾ ವರದಿಗೆ ಇರುವ ಸ್ಥಾನ ತೀರ ಕಿರಿದು. ಒಂದು ಹೇಳಿಕೆಯನ್ನು ಇನ್ನೊಂದರೊಡನೆ ತಾಳೆನೋಡುವುದು, ಅಧಿಕೃತ ಪದದ ಒಳಗನ್ನು ಬಿಡಿಸುವುದು, ಇನ್ನೊಬ್ಬರ ನೋವನ್ನು ಅವರ ಮಾತಿನಲ್ಲಿಯೇ ಉಳಿಸಿ ಬರೆಯುವುದು ಇವು ಗ್ರಂಥಸಂಪಾದನೆ, ಭಾಷಾವಿಜ್ಞಾನ, ಜಾನಪದ ಕ್ಷೇತ್ರಕಾರ್ಯಗಳಲ್ಲಿ ಕನ್ನಡ ವಿಭಾಗಗಳು ಬಹುಕಾಲದಿಂದ ಕಲಿಸುತ್ತ ಬಂದಿರುವ ವಿದ್ಯೆಗಳೇ. ಸಾಕ್ಷಿಗದ್ಯದ ಅಧ್ಯಯನಕ್ಕೆ ಬೇಕಾದ ಸಲಕರಣೆಗಳು ಹೊಸದಾಗಿ ಬರಬೇಕಾಗಿಲ್ಲ.

ದುರ್ಯೋಧನನ ಸಾವಿನೊಡನೆ ಸಂಜಯನ ದಿವ್ಯದೃಷ್ಟಿ ಮರೆಯಾಯಿತೆಂದು ಸೌಪ್ತಿಕಪರ್ವ ಹೇಳುತ್ತದೆ. ಅರಸನಿಗೆ ಹೇಳುವ ಸಾಕ್ಷಿಯ ಕೆಲಸ ಯುದ್ಧದೊಂದಿಗೆ ಮುಗಿಯುತ್ತದೆ. ಪ್ರಜೆಗಳಿಗೆ ಹೇಳುವ ಸಾಕ್ಷಿಗೆ ದಿವ್ಯದೃಷ್ಟಿ ಇರುವುದಿಲ್ಲ. ಬರಿಗಣ್ಣು, ನೋಟುಪುಸ್ತಕ ಮತ್ತು ಮತ್ತೆ ಮತ್ತೆ ಅದೇ ಹಳ್ಳಿಗೆ ಹೋಗುವ ಹಟ ಮಾತ್ರ ಇರುತ್ತದೆ. ಅವಳ ಕೆಲಸ ಯುದ್ಧ ಮುಗಿದ ಮೇಲೂ ಮುಗಿಯುವುದಿಲ್ಲ. ಅನ್ನಾ ಪೊಲಿಟ್ಕೋವ್‌ಸ್ಕಯಾ ಅವರ ಕೊಲೆಗೆ ಆಜ್ಞೆಯಿತ್ತವರು ಯಾರೆಂಬುದನ್ನು ಯಾವ ನ್ಯಾಯಾಲಯವೂ ಇದುವರೆಗೆ ನಿರ್ಣಯಿಸಿಲ್ಲ. ಆದರೆ ಗ್ರೋಜ್ನಿಯ ಆ ವಿದ್ಯಾರ್ಥಿಯನ್ನು ಕಾಣೆಯಾಗಿಸಿದವನ ಹೆಸರು ತೀರ್ಪಿನಲ್ಲಿ ಬರೆಯಲ್ಪಟ್ಟಿದೆ. ಸಾಕ್ಷಿಗದ್ಯದ ಸಾರ್ಥಕತೆಯನ್ನೂ ಅದರ ಮಿತಿಯನ್ನೂ ಈ ಎರಡು ಸಂಗತಿಗಳ ನಡುವೆಯೇ ಅಳೆಯಬೇಕಾಗಿದೆ.